ಗುರುಬಸಮ್ಮ ಖಾಲಿ ಡಬ್ಬಿ ಕೊಡುವವರಲ್ಲ

ಗುರುಬಸಮ್ಮನವರ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಹೊರಗೆ ಹೋಯಿತೆಂದರೆ ಅದು ಬರಿಗೈಯಲ್ಲಿ ವಾಪಸ್ ಬರುವಂತಿರಲಿಲ್ಲ. ಕಜ್ಜಾಯ ಹೋದರೆ ನಾಲ್ಕು ನಿಂಬೆಹಣ್ಣು ಬರಬೇಕು. ಪುಳಿಯೋಗರೆ ಹೋದರೆ ಒಂದು ಹಿಡಿ ಕಡಲೆಕಾಯಿಯಾದರೂ ಬರಬೇಕು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ. ನಂಜನಗೂಡಿನ ಆ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಹೊಸದಾಗಿ ಬಾಡಿಗೆಗೆ ಬಂದ ಟೀಚರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರು ಡಬ್ಬಿಯನ್ನು ಬೆಳಗಿ, ಒರೆಸಿ, ಖಾಲಿಯಾಗಿಯೇ ತಂದುಕೊಟ್ಟರು. ಗುರುಬಸಮ್ಮ ಬೈಯಲಿಲ್ಲ. ಅಲ್ಲೇ ಅವರೆದುರಿಗೇ ಒಂದಚ್ಚು ಬೆಲ್ಲ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಅವರ ಕೈಗೇ ಕೊಟ್ಟು, "ಈಗ ಮನೆಗೋಗಿ ಇನ್ನೊಂದ್ಸಲ ತಕ್ಕಂಬನ್ನಿ" ಎಂದರು. ಟೀಚರು ಹೋಗಿ ಇನ್ನೊಂದು ಸಲ ಬಂದರು. ಆಮೇಲೆ ಇಬ್ಬರೂ ಕೂತು ಕಾಫಿ ಕುಡಿದರು.

ಬೆಲ್ಲಕ್ಕೆ ಅವರಿಗೆ ಬರವಿರಲಿಲ್ಲ. ತವರು ಬನ್ನೂರಿನ ಕಡೆ. ಅಪ್ಪನದು ಆಲೆಮನೆ, ಈಗ ತಮ್ಮ ನೋಡಿಕೊಳ್ಳುತ್ತಿದ್ದ. ಹುಡುಗಿಯಾಗಿದ್ದಾಗ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಕನ್ನಡ ಟೈಪಿಂಗ್ ಕಲಿತು ಜೂನಿಯರ್ ಪಾಸು ಮಾಡಿದ್ದರು. ಸೀನಿಯರ್ ಕಟ್ಟುವಷ್ಟರಲ್ಲಿ ನಂಜನಗೂಡಿನ ಹಿಟ್ಟಿನ ಗಿರಣಿಯ ಶಿವಸ್ವಾಮಿಯವರ ಜೊತೆ ಮದುವೆಯಾಯಿತು. ಗಿರಣಿಯ ಸದ್ದಿನಲ್ಲಿ ಸಂಸಾರ ಮಾಡಿ ಮಾಡಿ ಅವರ ದನಿ ಹೇಗಾಗಿತ್ತೆಂದರೆ, ಗುಟ್ಟಿನ ಮಾತನ್ನು ಕೂಡ ಆಚೆ ಬೀದಿಯವರು ಕೇಳಿಸಿಕೊಂಡು ಸಲಹೆ ಕೊಡುತ್ತಿದ್ದರು.

ಸೊಸೆ ನಯನ ಈ ಮನೆಗೆ ಬಂದು ಮೊದಲು ಕಲಿತದ್ದು ಮುಚ್ಚಳ ಮುಚ್ಚುವುದನ್ನು. ಅವಳು ಬಿಸಿಎ ಓದಿ ಊರಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ಪಾಠ ಹೇಳುತ್ತಿದ್ದವಳು. ಆದರೆ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸಾಸಿವೆ ಡಬ್ಬಿಯ ಮೇಲಿಟ್ಟು, ಸಾಸಿವೆಯದನ್ನು ಎಲ್ಲೋ ಇಟ್ಟು ಮರೆಯುವವಳು. "ನಯ್ನಾ, ಬಾಯಿ ತೆಗ್ದಿರೋ ಡಬ್ಬಿ ಯಾರ್ದು?" ಎಂದು ಅಡಿಗೆಮನೆಯಿಂದ ಕೂಗು ಬಂದರೆ ತೊಡೆಯ ಮೇಲಿದ್ದ ಅವಳ ಕೂಸು ಪುಟ್ಟಿ ಕೂಡ ಬೆಚ್ಚಿ ತನ್ನ ಬಾಯಿ ಮುಚ್ಚಿಕೊಳ್ಳುತ್ತಿತ್ತು.

ಅದು 2007ನೇ ಇಸವಿ. ಮನೆಯಲ್ಲಿ ಒಂದೇ ಚಿಂತೆ, ನಯನಳ ನಾದಿನಿ ಶ್ವೇತಳದು. ಕವಲಂದೆಯಿಂದ ಅಮೃತೇಶ್ ಎಂಬ ಹುಡುಗ ಅವಳನ್ನು ನೋಡಲು ಬಂದಿದ್ದ. ಹಾಲಿನ ಡೈರಿಯಲ್ಲಿ ಕೆಲಸ. ಉಪ್ಪಿಟ್ಟಿನಲ್ಲಿದ್ದ ಹಸಿ ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಚೆನ್ನಾಗದೆ, ಇನ್ನೊಂಚೂರು ಆಕಿ" ಅಂದಿದ್ದ. ಮಾಡಿದವಳು ಶ್ವೇತ. ಅಲ್ಲಿಗೆ ಅವಳು ಮನಸೋತಳು. ಹುಡುಗನಿಗೂ ಒಪ್ಪಿಗೆ. ಗಂಟು ಬಿದ್ದದ್ದು ಹುಡುಗನ ತಾಯಿ ಮುದ್ದಮ್ಮನವರಲ್ಲಿ.

"ನಮಗೇನೂ ಬ್ಯಾಡ ಕಣವ್ವಾ" ಎಂದಿದ್ದರು ಮುದ್ದಮ್ಮ, ಸೆರಗನ್ನು ಸರಿಮಾಡಿಕೊಳ್ಳುತ್ತ. "ನಿಮ್ಮ ಮಗ್ಳು, ನಿಮ್ಮಿಷ್ಟ. ನಮ್ಮೂರಲ್ಲಿ ಎಲ್ರೂ ಏನ್ ಮಾಡ್ತಾರೋ ಅಷ್ಟು ಮಾಡಿ, ಸಾಕು."

ಕವಲಂದೆಯಲ್ಲಿ ಎಲ್ಲರೂ ಏನು ಮಾಡುತ್ತಾರೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಶಿವಸ್ವಾಮಿ ಆ ಊರಿನ ನೆಂಟರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಒಬ್ಬರು ಮೋಟಾರ್ ಬೈಕು ಎಂದರು. ಇನ್ನೊಬ್ಬರು ಹುಡುಗನ ಕೊರಳಿಗೆ ಚೈನು ಎಂದರು. ಮತ್ತೊಬ್ಬರು ಯೋಚನೆ ಮಾಡಿ, "ನಮ್ಮ ಪಕ್ಕದ ಮನೆಯೋರಿಗೆ ಬೋರ್‌ವೆಲ್ ಮೋಟ್ರು ಕೊಟ್ರು ಕಣಣ್ಣ" ಎಂದರು. ನೇರವಾಗಿ ಕೇಳಲು ಶಿವಸ್ವಾಮಿಗೆ ಸಂಕೋಚ, ನೇರವಾಗಿ ಹೇಳಲು ಮುದ್ದಮ್ಮನವರಿಗೆ ಮರ್ಯಾದೆ ಅಡ್ಡ. ಮಾತು ಹಾಗೇ ನಿಂತಿತು. ಶ್ವೇತ ಮಾತ್ರ ಉಪ್ಪಿಟ್ಟು ಮಾಡಿದಾಗಲೆಲ್ಲ ಮೆಣಸಿನಕಾಯಿ ಜಾಸ್ತಿ ಹಾಕಿ ಮನೆಯವರನ್ನೆಲ್ಲ ಅಳಿಸುತ್ತಿದ್ದಳು.

ಇಂಥದರಲ್ಲಿ ಸಮಾಜದ ಸಂಘದ ಕಾರ್ಯದರ್ಶಿ ಗುರುಮಲ್ಲಪ್ಪನವರು ರಾಗಿ ಬೀಸಿಸಲು ಬಂದರು. ತಿ. ನರಸೀಪುರದ ಕಲ್ಯಾಣ ಮಂಟಪದಲ್ಲಿ ವಧೂವರರ ಸಮಾವೇಶ ಇಟ್ಟುಕೊಂಡಿದ್ದರು. ಮೈಸೂರಿನವರು ಇಂಥದ್ದನ್ನೆಲ್ಲ ಕಂಪ್ಯೂಟರಿನಲ್ಲಿ ತೋರಿಸುತ್ತಾರೆ, ನಾವೇನು ಕಡಿಮೆ ಎಂಬುದು ಅವರ ವಾದ.

"ನಿಮ್ಮ ಸೊಸೆ ಓದಿರೋಳಲ್ವಾ ಶಿವಸ್ವಾಮೇರೇ? ಒಂದು ವೆಬ್ ಪೇಜು ಮಾಡಿಕೊಡಲಿ. ಗಂಡು ಹೆಣ್ಣು ಎಲ್ಲ ಪರದೆ ಮೇಲೆ ಬರಬೇಕು, ಒಬ್ಬೊಬ್ಬರಾಗಿ."

ಅರ್ಜಿಯನ್ನು ಅವರೇ ಅಚ್ಚು ಹಾಕಿಸಿದ್ದರು. ಅದರಲ್ಲಿ ವರನ ಕಡೆಯವರಿಗೆಂದು ಕೊನೆಗೆ ಒಂದು ಸಾಲು: ಬೇಡಿಕೆ. "ವರದಕ್ಷಿಣೆ ಬೇಕು ಅನ್ನೋರು ಬರೆದು ಸಹಿ ಹಾಕಲಿ, ನಾಲ್ಕು ಜನದ ಮುಂದೆ ಓದ್ತೀನಿ" ಎಂದು ಗುರುಮಲ್ಲಪ್ಪ ಮೀಸೆ ತಿರುವಿದ್ದರು. ಅರ್ಜಿಗಳು ಬಂದವು. ಆ ಸಾಲಿನಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ಅಂಥದ್ದೆಲ್ಲ ಕಾಫಿ ಕುಡಿಯುತ್ತ ಹೇಳುವ ಮಾತು, ಬರೆದುಕೊಡುವ ಮಾತಲ್ಲ. ಮುದ್ದಮ್ಮನವರ ಕಡೆಯಿಂದಲೂ ಅಮೃತೇಶನ ಅರ್ಜಿ ಬಂದಿತ್ತು, ಅದೇ ಸಾಲು ಖಾಲಿ. ನಮ್ಮದೇನೂ ನಿಂತುಹೋಗಿಲ್ಲ, ಬೇರೆ ಕಡೆಯೂ ನೋಡುತ್ತಿದ್ದೇವೆ ಎಂದು ತೋರಿಸಿದ ಹಾಗೆ. ಶ್ವೇತ ಆ ಅರ್ಜಿಯ ಮೇಲಿದ್ದ ಫೋಟೋ ನೋಡಿ, "ಮೀಸೆ ಟ್ರಿಮ್ ಮಾಡ್ಸವ್ರೆ" ಎಂದು ಒಳಗೆ ಹೋದಳು.

ನಯನ ಒಪ್ಪಿಕೊಂಡಳು. ಪುಟ್ಟಿ ಹುಟ್ಟಿದ ಮೇಲೆ ಅವಳ ಕೈಗೆ ಬಂದ ಮೊದಲ ಕೆಲಸ ಅದು. ಗಿರಣಿಯ ಮುಂದಿನ ಕೋಣೆಯಲ್ಲಿ ಹಳೇ ಕಂಪ್ಯೂಟರು ಇತ್ತು. ಬೆಳಿಗ್ಗೆ ಅದನ್ನು ಒರೆಸಿದರೆ ಮಧ್ಯಾಹ್ನಕ್ಕೆ ಕೀಬೋರ್ಡಿನ ಮೇಲೆ ಮುದ್ದೆಗಾಗುವಷ್ಟು ಹಿಟ್ಟು. ಪುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಅಷ್ಟೂ ಅರ್ಜಿ ಟೈಪು ಮಾಡುವುದು ಆಗದ ಮಾತು. ಆಗ ಗುರುಬಸಮ್ಮ ಬಾಗಿಲಲ್ಲಿ ನಿಂತು, ಯಾರೋ ಬೇರೆಯವರ ಸುದ್ದಿ ಹೇಳುವಂತೆ ಹೇಳಿದರು.

"ನಾನು ಜೂನಿಯರ್ ಪಾಸಾಗಿದ್ದೆ ಕಣಮ್ಮಿ. ಫಸ್ಟ್ ಕ್ಲಾಸು."

ಅಕ್ಷರಗಳು ಹಳೇ ಜಾಗದಲ್ಲಿರಲಿಲ್ಲ. ಅವಕ್ಕೆ ಒಂದಷ್ಟು ಬೈದು ಹೊಸ ಜಾಗ ಕಲಿತರು. ಟೈಪ್‌ರೈಟರಿನ ಮೇಲೆ ಪಳಗಿದ ಬೆರಳು, ಒಂದೊಂದು ಏಟಿಗೂ ಮೇಜು ನಡುಗುತ್ತಿತ್ತು, ಹಿಟ್ಟು ಹೊಗೆಯಂತೆ ಏಳುತ್ತಿತ್ತು. ಸಾಲಿನ ಕೊನೆ ಬಂದಾಗ, ಇಲ್ಲಿ ಇಲ್ಲದ ಟೈಪ್‌ರೈಟರಿನ ಹಿಡಿಯನ್ನು ಎಡಗೈಯಲ್ಲಿ ಸರ್ರೆಂದು ತಳ್ಳುತ್ತಿದ್ದರು. ಎರಡು ಸಲ ಕಾಫಿ ಲೋಟ ಕೆಳಗೆ ಬಿತ್ತು.

ಮಾಹಿತಿಯನ್ನೆಲ್ಲ ಎಕ್ಸ್‌ಎಂಎಲ್ ಎಂಬ ಕಡತದಲ್ಲಿ ತುಂಬಬೇಕಿತ್ತು. ಅತ್ತೆಗೆ ಅರ್ಥವಾಗಲೆಂದು ನಯನ ಗುರುತಿನ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದಳು. ಹಾಳೆಯ ಮೇಲೆ ಬರೆದು ತೋರಿಸಿದಳು:

<ಹೆಸರು>ಅಮೃತೇಶ್</ಹೆಸರು>

"ಇದು ಡಬ್ಬಿ ಅಂದ್ಕೊಳ್ಳಿ ಅತ್ತೆ. ಮೊದಲನೇದು ಡಬ್ಬಿ ಮೇಲಿನ ಚೀಟಿ, ಮಧ್ಯೆ ಇರೋದು ಸಾಮಾನು, ಕೊನೇಲಿ ಓರೆ ಗೀಟು ಹಾಕಿ ಅದೇ ಹೆಸರು ಬರೆದ್ರೆ ಮುಚ್ಚಳ. ಇಂಥ ಸಣ್ಣ ಡಬ್ಬಿಗಳನ್ನೆಲ್ಲ ಜೋಡಿಸಿ ವ್ಯಕ್ತಿ ಅಂತ ಒಂದು ದೊಡ್ಡ ಡಬ್ಬಿ. ಅವನ್ನೆಲ್ಲ ಸೇರಿಸಿ ಸಮಾವೇಶ ಅನ್ನೋ ಡ್ರಮ್ಮು."

"ಒಂದು ಮುಚ್ಚಳ ಬಿಟ್ರೆ?"

"ಕಡತ ಲೋಡೇ ಆಗಲ್ಲ. ಪೂರ್ತಿ ಪೇಜು ಖಾಲಿ."

ಗುರುಬಸಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇಷ್ಟು ದಿನ ತಾನೊಬ್ಬಳೇ ಹೇಳಿಕೊಂಡು ಬಂದದ್ದನ್ನು ಕೊನೆಗೆ ಒಂದು ಯಂತ್ರವಾದರೂ ಒಪ್ಪಿತಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು. "ಒಳ್ಳೆ ಮನೆತನದ್ದು ಕಣಮ್ಮಿ ಇದು" ಎಂದರು.

ಮೊದಲ ದಿನವೇ ಪೇಜು ಬೆಳ್ಳಗೆ ನಿಂತುಕೊಂಡಿತು. ನಯನ ಹುಡುಕಿದಳು. ಅತ್ತೆ ಟೈಪು ಮಾಡಿದ ಡಬ್ಬಿಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಮಾದರಿಗೆಂದು ತಾನೇ ಬರೆದಿದ್ದ ಒಂದರಲ್ಲಿ 'ಊರು' ಡಬ್ಬಿಯ ಮುಚ್ಚಳ ತೆಗೆದು 'ಎತ್ತರ' ಡಬ್ಬಿಯ ಮೇಲೆ ಇಟ್ಟಿದ್ದಳು. ಸದ್ದಿಲ್ಲದೆ ಸರಿಮಾಡಿ ಕಡತವನ್ನು ಮತ್ತೆ ಲೋಡ್ ಮಾಡಿದಳು. ಹೆಸರು, ಊರು, ವಿದ್ಯೆ ಎಲ್ಲ ಒಂದರ ಕೆಳಗೊಂದು ಮೂಡಿದವು.

"ಎಲ್ಲಿತ್ತು ತಪ್ಪು?" ಎಂದರು ಗುರುಬಸಮ್ಮ.

"ಎಲ್ಲೋ ಇತ್ತು ಬಿಡಿ ಅತ್ತೆ."

"ಸಾಸಿವೆ ಡಬ್ಬಿ ತಾವ್ಲೇ ಇರ್ಬೇಕು."

ಅವರಿಗೆ ತಕರಾರಿದ್ದದ್ದು ಒಂದೇ ವಿಷಯಕ್ಕೆ. ಬೇಡಿಕೆಯ ಡಬ್ಬಿಗಳು ಖಾಲಿ. ಒಬ್ಬನಿಗೆ ಹವ್ಯಾಸವಿಲ್ಲ, ಅದೂ ಖಾಲಿ. ಒಬ್ಬನೇ ಮಗನಾದವನ ಅಣ್ಣತಮ್ಮಂದಿರ ಡಬ್ಬಿಯೂ ಖಾಲಿ.

"ಖಾಲಿ ಇದ್ರೆ ಹಂಗೇ ಮುಚ್ಚಿಬಿಡಿ ಅತ್ತೆ. ಪೇಜು ಓದುವಾಗ ಖಾಲಿ ಡಬ್ಬಿ ಸಿಕ್ಕಿದ್ರೆ ಆ ಸಾಲನ್ನ ತೋರಿಸ್ದೆ ಮುಂದಕ್ಕೆ ಹೋಗೋ ಹಾಗೆ ಬರ್ದಿದ್ದೀನಿ."

"ಅಂದ್ರೆ, ಅದು ಮುಚ್ಚಳ ತೆಗ್ದು ನೋಡ್ತದೆ, ಒಳಗೇನೂ ಇರಾಕಿಲ್ಲ, ಬಾಯ್ ಮುಚ್ಕಂಡು ಮುಂದಿನ ಮನೆಗೆ ಓಯ್ತದೆ ಅನ್ನು."

"ಹೂಂ ಅತ್ತೆ."

"ಪಾಪ" ಎಂದರು ಗುರುಬಸಮ್ಮ.

ಆದರೂ ಹೇಳಿದ ಹಾಗೆಯೇ ಮಾಡಿದರು. ಮನೆಯೊಳಗಿನ ಡಬ್ಬಿ ಖಾಲಿಯಿದ್ದರೆ ಅದು ಮನೆಯವರ ಕಷ್ಟ, ಹೊರಗಿನವರಿಗೇನು? ಸಮಾವೇಶದ ಹಿಂದಿನ ದಿನ ನಯನ ಎಲ್ಲವನ್ನೂ ಒಂದು ಸಲ ಓಡಿಸಿ ನೋಡಿದಳು. ಕಡತ ಸರಾಗವಾಗಿ ಲೋಡ್ ಆಯಿತು, ಪುಟ ಖಾಲಿ ಡಬ್ಬಿಗಳನ್ನು ದಾಟಿಕೊಂಡು ಓದಿತು. ಅಷ್ಟರಲ್ಲಿ ಪುಟ್ಟಿಗೆ ಚುಚ್ಚುಮದ್ದಿನ ಜ್ವರ ಬಂತು. ನಯನ ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದಳು. ಹೋಗುವಾಗ, "ಆ ಪೆನ್‌ಡ್ರೈವು ಬ್ಯಾಗಿಗೆ ಹಾಕಿಡಿ ಅತ್ತೆ, ನಾಳೆ ಬೆಳಿಗ್ಗೆ ನರಸೀಪುರಕ್ಕೆ ಕೊಡಬೇಕು" ಎಂದಳು.

ಕೊಡಬೇಕು ಎಂಬ ಮಾತು ಕೇಳಿ ಗುರುಬಸಮ್ಮ ಅಲ್ಲೇ ನಿಂತರು. ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತಿನಲ್ಲಿ ಮೇಜು ನಡುಗುವ ಸದ್ದು ಒಳಗಿನವರೆಗೂ ಬಂತು. ನಯನ ಅದನ್ನು ಗಿರಣಿಯ ಸದ್ದು ಅಂದುಕೊಂಡಳು.

ಮಾರನೇ ದಿನ ಕಲ್ಯಾಣ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇಸರಿಬಾತು ಮುಗಿಸಿದ ಜನ ಪರದೆಯ ಮುಂದೆ ಕುರ್ಚಿ ಹಿಡಿದಿದ್ದರು. ಮುಂದಿನ ಸಾಲಿನ ನಡುವೆ ಮುದ್ದಮ್ಮ, ಪಕ್ಕದಲ್ಲಿ ಅಮೃತೇಶ್. ಎರಡನೇ ಸಾಲಿನಲ್ಲಿ ಶಿವಸ್ವಾಮಿ, ಗುರುಬಸಮ್ಮ, ಅಮೃತೇಶನ ಬೆನ್ನನ್ನೇ ಓದುತ್ತಿದ್ದ ಶ್ವೇತ. ಜ್ವರ ಇಳಿದ ಪುಟ್ಟಿ ನಯನಳ ಸೊಂಟದ ಮೇಲೆ ಕೂತು ಮೌಸಿನ ಬಾಲವನ್ನು ಬಾಯಿಗೆ ಹಾಕಿಕೊಂಡಿತ್ತು.

ನಯನ ಒತ್ತಿದಳು. ಕಡತ ಲೋಡ್ ಆಯಿತು. ಬನ್ನೂರಿನ ಹುಡುಗನೊಬ್ಬನ ಫೋಟೋ ಮೂಡಿತು. ಹೆಸರು ಬಂತು, ವಿದ್ಯೆ ಬಂತು. ಆಮೇಲೆ ಬಂದದ್ದು:

ಅಣ್ಣತಮ್ಮಂದಿರು: ಬೆಲ್ಲ
ಹವ್ಯಾಸ: ಬೆಲ್ಲ
ಬೇಡಿಕೆ: ಬೆಲ್ಲ

ಮಂಟಪದಲ್ಲಿ ಮೊದಲು ಒಂದು ಕೆಮ್ಮು, ಆಮೇಲೆ ಒಂದು ನಗು, ಆಮೇಲೆ ಎಲ್ಲ ಕಡೆಯಿಂದ ನಗು. ನಯನಳ ಕಿವಿ ಬಿಸಿಯಾಯಿತು. ತಾನು ಬರೆದ ಸಾಲು ಎಲ್ಲೋ ಲೆಕ್ಕ ತಪ್ಪಿ ಒಂದೇ ಡಬ್ಬಿಯನ್ನು ಮತ್ತೆ ಮತ್ತೆ ತೆರೆಯುತ್ತಿದೆಯೇ? ಮುಂದಿನ ಹುಡುಗನನ್ನು ಒತ್ತಿದಳು. ಬೇಡಿಕೆ: ಬೆಲ್ಲ. ಅದರ ಮುಂದಿನವನು. ಬೇಡಿಕೆ: ಬೆಲ್ಲ. ಗಾಬರಿಯಲ್ಲಿ ಕಡತವನ್ನೇ ಪರದೆಯ ಮೇಲೆ ತೆರೆದಳು. ಉದ್ದಕ್ಕೂ ಇದ್ದದ್ದು ಅದೇ:

<ಬೇಡಿಕೆ>ಬೆಲ್ಲ</ಬೇಡಿಕೆ>

ಒಂದೊಂದು ಮುಚ್ಚಳವೂ ಬಿಗಿಯಾಗಿತ್ತು. ನಯನ ತಿರುಗಿ ಎರಡನೇ ಸಾಲು ನೋಡಿದಳು. ಗುರುಬಸಮ್ಮ, ಎಲ್ಲ ಸರಿಯಾಗಿದೆ ಮುಂದುವರಿಸು ಎನ್ನುವಂತೆ ತಲೆ ಆಡಿಸಿದರು. ಆಮೇಲೆ, ಗುಟ್ಟಾಗಿ ಹೇಳುತ್ತಿದ್ದೇನೆ ಎಂದುಕೊಂಡು, ಇಡೀ ಮಂಟಪಕ್ಕೆ ಕೇಳುವ ಹಾಗೆ ಹೇಳಿದರು.

"ಆಚೆಗೆ ಕೊಡೋ ಡಬ್ಬೀನ ಖಾಲಿ ಕೊಡಕ್ಕಾಯ್ತದಾ ಕಣಮ್ಮಿ? ಅದ್ಕೆ ಒಂದೊಂಚೂರು ಆಕ್ದೆ."

ಗುರುಮಲ್ಲಪ್ಪ ಬೆವರು ಒರೆಸಿಕೊಳ್ಳುತ್ತ ನಯನಳ ಹತ್ತಿರ ಬಂದರು. "ಏನವ್ವ ಇದು, ಸಮಾಜದ ಮಾನ ಹೋಯ್ತಲ್ಲ. ಮೊದಲು ಅದನ್ನ ಆರಿಸು." ನಯನ ಮೌಸ್ ಹುಡುಕಿದಳು. ಅದು ಪುಟ್ಟಿಯ ಬಾಯಲ್ಲಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಹೆಡತಲೆ ಊರಿನ ರೈತರೊಬ್ಬರು ಎದ್ದು ನಿಂತರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದವರು. ಟವೆಲ್ಲನ್ನು ಹೆಗಲಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು.

"ಸಾ, ಒಂದು ಕೇಳ್ತೀನಿ. ಬೆಲ್ಲ ಅಂದ್ರೆ ಎಂತದು? ಅಚ್ಚು ಬೆಲ್ಲನಾ, ಬಕೀಟು ಬೆಲ್ಲನಾ?"

"ಯಾಕ್ರೀ?" ಎಂದರು ಗುರುಮಲ್ಲಪ್ಪ.

"ಕೊಡಕ್ಕೆ ಸಾ. ಬೇಡಿಕೆ ಬೆಲ್ಲನೇ ಆದ್ರೆ ನಾನು ನಾಳೆನೇ ಗಾಡಿ ಕಟ್ತೀನಿ. ಮೂರು ಕಡೆಯೋರು ಬಂದು ಬೆಲ್ಲ ಬುಟ್ಟು ಬ್ಯಾರೆ ಎಲ್ಲ ಕೇಳಿ ಓಗವ್ರೆ."

ಹೆಣ್ಣಿನ ಕಡೆಯವರ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಗೋಡೆಯಿಂದ ಗೋಡೆಗೆ ಹೋಯಿತು. ಗುರುಮಲ್ಲಪ್ಪ ಅದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಬೆವರು ಒರೆಸುತ್ತಿದ್ದ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟರು. ಮೈಕು ಹಿಡಿದರು.

"ಬಂಧುಗಳೇ, ಸಂಘ ಬಹಳ ಯೋಚನೆ ಮಾಡಿ ಈ ತೀರ್ಮಾನಕ್ಕೆ ಬಂದಿದೆ" ಎಂದರು. "ನಮ್ಮ ಹುಡುಗರ ಬೇಡಿಕೆ ಬೆಲ್ಲ. ಅಷ್ಟೇ. ಇದಕ್ಕೆ ಒಪ್ಪದೇ ಇರೋ ಗಂಡಿನ ಕಡೆಯವರು ಯಾರಾದರೂ ಇದ್ದರೆ ಮೈಕಿನಲ್ಲಿ ಹೇಳಬಹುದು, ಈಗಲೇ ತಿದ್ದಿಸ್ತೀವಿ."

ಗಂಡಿನ ಕಡೆಯವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ನಯನ ಪುಟ್ಟಿಯಿಂದ ಮೌಸು ಬಿಡಿಸಿ, ಸೆರಗಿನಿಂದ ಜೊಲ್ಲು ಒರೆಸಿ, ಮುಂದಿನದನ್ನು ಒತ್ತಿದಳು. ಟ್ರಿಮ್ ಮಾಡಿಸಿದ ಮೀಸೆಯ ಅಮೃತೇಶ್ ಪರದೆಯ ತುಂಬ ಬಂದ. ಕವಲಂದೆ. ಹಾಲಿನ ಡೈರಿ. ಬೇಡಿಕೆ: ಬೆಲ್ಲ. ಎರಡನೇ ಸಾಲಿನಲ್ಲಿ ಶ್ವೇತ ಅವ್ವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುದ್ದಮ್ಮ ಎದ್ದು ನಿಂತರು.

"ನಾನು ಬೆಲ್ಲ ಅಂತ ಬರ್ಸಿಲ್ಲ."

ಗುರುಮಲ್ಲಪ್ಪ ಕೆಳಗಿಳಿದು ಬಂದು ಬಹಳ ಮರ್ಯಾದೆಯಿಂದ ಮೈಕನ್ನು ಅವರ ಕೈಗೆ ಕೊಟ್ಟರು.

"ಏನಂತ ಬರಸಬೇಕಿತ್ತು ಹೇಳಿ ಮುದ್ದಮ್ಮನೋರೇ. ನಮ್ಮ ಹುಡುಗಿ ಈಗಲೇ ಟೈಪ್ ಮಾಡ್ತಾಳೆ."

ನಯನ ಮತ್ತೆ ಕಡತ ತೆರೆದು, ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದಳು. ಪರದೆಯ ಮೇಲೆ ಬೆಲ್ಲ ಅಳಿಸಿಹೋಗಿ, ಎರಡು ಗುರುತಿನ ನಡುವೆ ಸಣ್ಣ ಗೆರೆಯೊಂದು ಕಣ್ಣು ಮಿಟುಕಿಸುತ್ತಿತ್ತು. ಮುದ್ದಮ್ಮ ಮೈಕನ್ನು ನೋಡಿದರು. ಜನರನ್ನು ನೋಡಿದರು. ಹೆಡತಲೆಯವರು ಟವೆಲ್ ಕಂಕುಳಲ್ಲೇ ಇಟ್ಟುಕೊಂಡು ಅವರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಗ ತಲೆ ಎತ್ತಿ, "ಹೇಳವ್ವಾ" ಎಂದ. ಅವನ ಕಣ್ಣಲ್ಲಿ ಮೆಣಸಿನಕಾಯಿ ಕಚ್ಚಿದ ದಿನದ ಹಾಗೆಯೇ ನೀರಿತ್ತು.

ಮುದ್ದಮ್ಮ ಗಂಟಲು ಸರಿಮಾಡಿಕೊಂಡರು. ಮೈಕಿನಲ್ಲಿ ಅದು ಗುಡುಗಿನ ಹಾಗೆ ಕೇಳಿಸಿತು.

"ಅಚ್ಚು ಬೆಲ್ಲ ಅಂತ ಬರೀರಿ" ಎಂದರು. "ಪುಡಿ ಬೆಲ್ಲ ನಮ್ಮನೇಲಿ ನಡೆಯಾಕಿಲ್ಲ."

ನಯನ ಟೈಪು ಮಾಡಿದಳು.

ಆ ವಾರವೇ ಗುರುಬಸಮ್ಮ ಬನ್ನೂರಿನ ತಮ್ಮನ ಆಲೆಮನೆಯಿಂದ ಅಚ್ಚು ಬೆಲ್ಲ ತರಿಸಿ, ಮನೆಯ ಅತಿ ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತೊತ್ತಾಗಿ ಜೋಡಿಸಿ, ಶಿವಸ್ವಾಮಿಯವರ ಕೈಯಲ್ಲಿ ಕವಲಂದೆಗೆ ಕಳಿಸಿದರು. ಬಸ್ಸಿನಲ್ಲಿ ಡಬ್ಬಿಗೂ ಟಿಕೆಟು ತೆಗೆಸಿದರಂತೆ. ಆಮೇಲೆ ಕಾಯುವ ಕೆಲಸ. ಶ್ವೇತ ದಿನಕ್ಕೊಂದು ಸಲ, "ಡಬ್ಬಿ ಬಂತಾ ಅತ್ಗೆ?" ಎನ್ನುತ್ತಿದ್ದಳು, ಯಾವುದೋ ಡಬ್ಬಿಯನ್ನು ಕೇಳುವ ಹಾಗೆ. ಶಿವಸ್ವಾಮಿಗೆ ಒಳಗೊಳಗೇ ಭಯ. ಅಷ್ಟು ಜನರ ಮುಂದೆ ಮೈಕು ಕೊಟ್ಟು ಹೇಳಿಸಿದ ಮಾತು, ಮನೆಗೆ ಹೋದ ಮೇಲೆ ನಿಲ್ಲುತ್ತದೆಯೇ?

"ಡಬ್ಬಿ ಬರ್ಬೇಕಲ್ಲ" ಎನ್ನುತ್ತಿದ್ದರು ಗುರುಬಸಮ್ಮ. "ಬರೋವಾಗ ಅದ್ರಲ್ಲಿ ಏನಾದ್ರೂ ಇರ್ಲೇಬೇಕಲ್ಲ. ಮುದ್ದಮ್ಮ ಎಂಗಾದ್ರೂ ಇರ್ಲಿ, ಖಾಲಿ ಡಬ್ಬಿ ಕಳ್ಸೋ ಎಂಗ್ಸಲ್ಲ."

ಒಂದು ಮಧ್ಯಾಹ್ನ ಅಮೃತೇಶನೇ ಡಬ್ಬಿ ಹಿಡಿದುಕೊಂಡು ಗಿರಣಿಯ ಬಾಗಿಲಿಗೆ ಬಂದ. ಗುರುಬಸಮ್ಮ ಎಲ್ಲರ ಎದುರಿಗೆ ಮುಚ್ಚಳ ತೆಗೆದರು. ಒಳಗೆ ಒಂದು ಕಟ್ಟು ವೀಳ್ಯದೆಲೆ, ಬಟ್ಟಲಡಿಕೆ, ಅರಿಶಿನದ ಕೊಂಬು, ಮೇಲೊಂದು ತೆಂಗಿನಕಾಯಿ. ಮಾತು ಗಟ್ಟಿ ಎಂಬುದಕ್ಕೆ ಇನ್ನೇನು ಬೇಕು? ಶಿವಸ್ವಾಮಿ ಗಿರಣಿ ನಿಲ್ಲಿಸಿದರು. ಶ್ವೇತ ಒಳಗೆ ಓಡಿದಳು. ಗುರುಬಸಮ್ಮ ಮುಚ್ಚಳ ಮುಚ್ಚಿ, ಅಂಗೈಯಿಂದ ಒತ್ತಿ, ಇನ್ನೊಂದು ಸಲ ಒತ್ತಿ, "ಒಳಕ್ಕ್ ಬನ್ನಿ, ಉಪ್ಪಿಟ್ಟು ಮಾಡ್ತಾವ್ಳೆ" ಎಂದರು.

ಅಂದು ಸಂಜೆ ಪುಟ್ಟಿ ಮಲಗಿದ ಮೇಲೆ ನಯನ ಕೀಬೋರ್ಡಿನ ಹಿಟ್ಟು ಕೊಡವಿ ಕೂತಳು. ಪುಟ ಓದುವ ಕಡೆ ಒಂದು ಸಾಲು ಸೇರಿಸಿದಳು: ಡಬ್ಬಿಯಲ್ಲಿ ಬೆಲ್ಲ ಸಿಕ್ಕಿದರೆ ಅದನ್ನು ಖಾಲಿ ಎಂದು ತಿಳಿದು ಮುಂದಕ್ಕೆ ಹೋಗು. ಹವ್ಯಾಸಕ್ಕೂ ಅಣ್ಣತಮ್ಮಂದಿರಿಗೂ ಅದು ಚೆನ್ನಾಗಿ ನಡೆಯಿತು. ಬೇಡಿಕೆಗೆ ಮಾತ್ರ ಆ ಸಾಲನ್ನು ಹಾಕಲಿಲ್ಲ. ಹಾಗೆ ಹಾಕಕೂಡದೆಂದು ಗುರುಮಲ್ಲಪ್ಪ ಫೋನು ಮಾಡಿ ಹೇಳಿದ್ದರು. ಸಂಘದ ಪೇಜನ್ನು ಇನ್ನು ಮೇಲೆ ಅವಳೇ ನೋಡಿಕೊಳ್ಳಬೇಕೆಂದೂ, ಟೈಪಿಂಗಿಗೆ ಅತ್ತೆಯವರೇ ಇರಲಿ ಎಂದೂ ಹೇಳಿದ್ದರು.

ನಯನ ಅಡಿಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಅತ್ತೆಯ ಕೂಗು ಬಂತು.

"ನಯ್ನಾ, ಈ ಸಾಸಿವೆ ಡಬ್ಬಿ ಲೋಡಾಯ್ತದಾ ನೀನೇ ಹೇಳು."